ಚಾಪೆಯ ಮೇಲೆ ಮಲಗಿ ಯೋಚಿಸಿದ ಕೋಣೆ

ಕಳೆದ ವರ್ಷ ಮಾರ್ಚ್ ಕೊನೆಯ ವಾರದಲ್ಲಿ ನಮ್ಮ ಮಲಗುವ ಕೋಣೆಯನ್ನು ಪೂರ್ತಿ ಖಾಲಿ ಮಾಡಿದೆವು. ಚೆಂದ ಮಾಡುವ ಆಸೆಯಿಂದ ಹೊರಟದ್ದಲ್ಲ. ಬಚ್ಚಲುಮನೆಯ ಗೋಡೆಗೆ ಒತ್ತಿಕೊಂಡು ನಿಂತಿದ್ದ ಹಳೆಯ ಬೀರುವಿನ ಹಿಂದಿನ ಹಲಗೆ ತೇವ ಹೀರಿ ಉಬ್ಬಿಕೊಂಡಿತ್ತು; ನನ್ನ ಹೆಂಡತಿಯ ಧಾರೆ ಸೀರೆಯ ಮಡಿಕೆಯೊಳಗೆ ಬೂದುಬಣ್ಣದ ಬೂಷ್ಟು ಕಾಣಿಸಿಕೊಂಡಿತ್ತು. ಬೀರುವನ್ನು ಈಚೆಗೆ ಎಳೆದಾಗ ಅದರ ಹಿಂದಿನ ಗೋಡೆಯ ಬಣ್ಣ ಹಪ್ಪಳದಂತೆ ಎದ್ದು ನಿಂತಿತ್ತು. ಬೀರು ಹೊರಹೋದ ಮೇಲೆ ಮಂಚ ಏಕೆ, ಮಂಚ ಹೋದ ಮೇಲೆ ಆ ಮೇಜು ಏಕೆ ಎಂದು ಒಂದೊಂದೇ ಹೊರಗೆ ಸಾಗಿ, ಸಂಜೆಯ ಹೊತ್ತಿಗೆ ಕೆಂಪು ನೆಲ ಮತ್ತು ನಾಲ್ಕು ಗೋಡೆಗಳು ಮಾತ್ರ ಉಳಿದವು.

ನಮ್ಮದು ಮೈಸೂರಿನ ಕುವೆಂಪುನಗರದಲ್ಲಿ 30×40ರ ನಿವೇಶನದಲ್ಲಿ ನನ್ನ ತಂದೆ 1986ರಲ್ಲಿ ಕಟ್ಟಿಸಿದ ಮನೆ. ಈ ಕೋಣೆ ಪೂರ್ವ–ಪಶ್ಚಿಮವಾಗಿ 10 ಅಡಿ, ಉತ್ತರ–ದಕ್ಷಿಣವಾಗಿ 12 ಅಡಿ ಇದೆ. ದಕ್ಷಿಣದ ಗೋಡೆಯ ಆಚೆ ಬಚ್ಚಲು, ಪೂರ್ವದ ಗೋಡೆಯ ಆಚೆ ನಡುಮನೆ, ಉತ್ತರದ ಗೋಡೆಯ ಒಂದು ತುದಿಯಲ್ಲಿ ಬಾಗಿಲು. ಹೊರಗೆ ತೆರೆದುಕೊಳ್ಳುವುದು ಪಶ್ಚಿಮದ ಗೋಡೆಯೊಂದೇ, ಕಿಟಕಿ ಇರುವುದೂ ಅಲ್ಲೊಂದೇ. ಇಷ್ಟು ವಿವರ ಏಕೆ ಬರೆಯುತ್ತಿದ್ದೇನೆಂದರೆ, ಮುಂದೆ ನಾವು ತೆಗೆದುಕೊಂಡ ತೀರ್ಮಾನಗಳಲ್ಲಿ ಮುಕ್ಕಾಲುಪಾಲು ನಮ್ಮ ಅಭಿರುಚಿಯಿಂದ ಬಂದವಲ್ಲ, ಈ ನಾಲ್ಕು ಗೋಡೆಗಳು ನಮ್ಮ ಕೈಯಿಂದ ಮಾಡಿಸಿದವು.

ಮೊದಲು ಒಳಾಂಗಣ ವಿನ್ಯಾಸ ಮಾಡುವವರೊಬ್ಬರನ್ನು ಕರೆಸಿದ್ದೆವು. ಅವರು ಅಳತೆ ತೆಗೆದುಕೊಂಡು ಹೋಗಿ ಮೂರೇ ದಿನದಲ್ಲಿ ಕಂಪ್ಯೂಟರಿನಲ್ಲಿ ಬಿಡಿಸಿದ ಚಿತ್ರ ತಂದರು. ಮಂಚದ ಹಿಂದೆ ನೆಲದಿಂದ ಸೂರಿನವರೆಗೆ ಗಾಢ ಕಂದು ಹಲಗೆಗಳು, ಮೇಲೆ ಜಿಪ್ಸಮ್ ಹಲಗೆಯ ಸುಳ್ಳು ಸೂರು, ಅದರ ಅಂಚಿನಲ್ಲಿ ಅಡಗಿ ಕುಳಿತ ಎಲ್‌ಇಡಿ ದೀಪಗಳ ಸಾಲು, ಮಂಚದ ಎದುರಿಗೆ ಟಿವಿ. ನೋಡಲು ಚೆನ್ನಾಗಿಯೇ ಇತ್ತು. ಆದರೆ ಆ ಚಿತ್ರವನ್ನು ಬಾಗಿಲಲ್ಲಿ ನಿಂತವನ ಕಣ್ಣಿನಿಂದ ಬರೆಯಲಾಗಿತ್ತು; ಮಂಚದ ಮೇಲೆ ಮಲಗಿದವನಿಗೆ ಆ ಕಂದು ಹಲಗೆಗಳು ಕಾಣುವುದೇ ಇಲ್ಲ, ಅವು ಅವನ ತಲೆಯ ಹಿಂದಿರುತ್ತವೆ; ಅವನಿಗೆ ಕಾಣುವುದು ಸೂರು ಮತ್ತು ಅಲ್ಲಿ ಕಣ್ಣಿಗೆ ಚುಚ್ಚುವ ದೀಪಗಳು. ನೆಂಟರು ಬಾಗಿಲಿನಿಂದ ಇಣುಕಿ ನೋಡುವ ಎರಡು ನಿಮಿಷಕ್ಕಾಗಿ, ನಾವು ಕಣ್ಣು ಮುಚ್ಚಿಕೊಂಡೋ ಕತ್ತಲಲ್ಲೋ ಕಳೆಯುವ ಏಳೆಂಟು ಗಂಟೆಗಳ ಕೋಣೆಯನ್ನು ಸಿಂಗರಿಸುವುದು ನನಗೆ ಸರಿ ಕಾಣಲಿಲ್ಲ. ಚಿತ್ರವನ್ನು ನೋಡಿದ ನನ್ನ ತಂದೆ, "ಚಿಂತೆ ಇಲ್ಲದವನಿಗೆ ಸಂತೆಯಲ್ಲೂ ನಿದ್ದೆ" ಎಂದಷ್ಟೇ ಹೇಳಿ ಪತ್ರಿಕೆ ಎತ್ತಿಕೊಂಡರು. ಅವರು ಅದನ್ನು ನಮ್ಮ ಖರ್ಚಿನ ಮೇಲಿನ ಟೀಕೆಯಾಗಿ ಹೇಳಿದರೋ, ಸ್ವಂತ ಅನುಭವವಾಗಿ ಹೇಳಿದರೋ ತಿಳಿಯಲಿಲ್ಲ. ಅವರಂತೂ ಸಂತೆಯಲ್ಲೂ ಮಲಗಬಲ್ಲವರು.

ಹೀಗಾಗಿ ಏನನ್ನೂ ಕೊಳ್ಳುವ ಮುಂಚೆ ಹದಿನೈದು ದಿನ ಆ ಖಾಲಿ ಕೋಣೆಯಲ್ಲಿ ಚಾಪೆಯ ಮೇಲೊಂದು ತೆಳು ಹಾಸಿಗೆ ಹಾಸಿಕೊಂಡು ಮಲಗಿದೆವು. ಎರಡು ಮೂರು ದಿನಕ್ಕೊಮ್ಮೆ ದಿಕ್ಕು ಬದಲಿಸಿದೆವು. ಈ ಇಡೀ ಕೆಲಸದಲ್ಲಿ ನಾವು ಮಾಡಿದ ಅತ್ಯಂತ ಅಗ್ಗದ ಮತ್ತು ಅತ್ಯಂತ ಉಪಯುಕ್ತ ಕೆಲಸ ಇದೇ ಎಂದು ಈಗಲೂ ನನಗೆ ಅನಿಸುತ್ತದೆ. ಮೊದಲ ರಾತ್ರಿಯೇ ಗೊತ್ತಾದದ್ದು ಪಶ್ಚಿಮದ ಗೋಡೆಯ ಸ್ವಭಾವ. ಏಪ್ರಿಲ್ ತಿಂಗಳಲ್ಲಿ ಮೈಸೂರಿನಲ್ಲಿ ಮಧ್ಯಾಹ್ನದ ಸೂರ್ಯ ಹೆಚ್ಚುಕಡಿಮೆ ನೆತ್ತಿಯ ಮೇಲಿರುತ್ತಾನೆ. ಕಿಟಕಿಯ ಮೇಲಿನ ಸಜ್ಜೆ ಆ ಹೊತ್ತಿನ ಬಿಸಿಲನ್ನು ತಡೆಯುತ್ತದೆ. ಆದರೆ ನಾಲ್ಕು ಗಂಟೆಯ ನಂತರ ಇಳಿದ ಬಿಸಿಲು ಸಜ್ಜೆಯ ಕೆಳಗಿನಿಂದ ನೇರವಾಗಿ ಗೋಡೆಗೇ ಬಡಿಯುತ್ತದೆ. ಒಂಬತ್ತು ಅಂಗುಲದ ಇಟ್ಟಿಗೆ ಗೋಡೆ ಆ ಕಾವನ್ನು ಒಳಗೆ ಇಟ್ಟುಕೊಂಡು ನಿಧಾನವಾಗಿ ದಾಟಿಸುವುದರಿಂದ, ಸಂಜೆ ಮುಟ್ಟಿದರೆ ತಣ್ಣಗಿದ್ದ ಒಳಮೈ ರಾತ್ರಿ ಹತ್ತರ ಹೊತ್ತಿಗೆ ಆಗಷ್ಟೇ ಇಳಿಸಿದ ಕಾವಲಿಯ ಹಿಡಿಯಂತೆ ಬೆಚ್ಚಗಾಗುತ್ತಿತ್ತು. ಇಷ್ಟು ವರ್ಷ ಆ ಗೋಡೆಗೇ ಮಂಚ ಆನಿಸಿಕೊಂಡು ಮಲಗಿ, ಫ್ಯಾನು ಸರಿಯಿಲ್ಲವೆಂದು ಬೈದುಕೊಳ್ಳುತ್ತಿದ್ದೆವು.

ಎರಡನೆಯದು ಬೆಳಕು. ರಸ್ತೆಯ ದೀಪಗಳು ಬಿಳಿ ಎಲ್‌ಇಡಿಗೆ ಬದಲಾದ ಮೇಲೆ, ಕಿಟಕಿಯ ಮೇಲ್ತುದಿಯಿಂದ ಒಂದು ಬೆಳಕಿನ ಪಟ್ಟಿ ಒಳಗೆ ಬಂದು ಪೂರ್ವದ ಗೋಡೆಯ ಕೆಳಭಾಗದಲ್ಲಿ, ಅಂದರೆ ಪೂರ್ವಕ್ಕೆ ತಲೆ ಹಾಕಿ ಮಲಗಿದವನ ಮುಖದ ಮೇಲೆಯೇ ಬೀಳುತ್ತಿತ್ತು. ಮೂರನೆಯದು ಗಾಳಿ. ಒಂದೇ ಕಿಟಕಿ ಇರುವ ಕೋಣೆಗೆ ಗಾಳಿ ಬಂದರೂ ಹೊರಹೋಗಲು ದಾರಿ ಬೇಕು. ಅಂಥ ದಾರಿ ನಮಗೆ ಇತ್ತು, ಬಾಗಿಲ ಮೇಲಿನ ವೆಂಟಿಲೇಟರ್. ಅದಕ್ಕೆ ಯಾವ ಕಾಲದಲ್ಲೋ ಜಿರಳೆ ಬರುತ್ತದೆಂದು ಹಲಗೆ ಹೊಡೆದು, ಆ ಹಲಗೆಗೆ ಗೋಡೆಯದೇ ಬಣ್ಣ ಬಳಿದು ಎಲ್ಲರೂ ಮರೆತಿದ್ದೆವು. ಹಲಗೆ ಕಿತ್ತು ಸೊಳ್ಳೆಯ ಜಾಲರಿ ಹಾಕಿದ ಸಂಜೆ ಕಿಟಕಿಯ ಪರದೆ ತಾನಾಗಿ ಅಲುಗಾಡಿದ್ದು ನೋಡಿ ನಮಗೆ ನಾಚಿಕೆಯೇ ಆಯಿತು.

ತಲೆ ಯಾವ ದಿಕ್ಕಿಗೆ ಎಂಬ ಪ್ರಶ್ನೆಗೆ ಮನೆಯಲ್ಲಿ ಶಾಸ್ತ್ರವೂ ಬಂತು. ನನ್ನ ತಾಯಿ ಹೇಳುವ ಹಳೆಯ ಸಂಸ್ಕೃತ ಶ್ಲೋಕವೊಂದರ ಪ್ರಕಾರ ಸ್ವಂತ ಮನೆಯಲ್ಲಿ ಪೂರ್ವಕ್ಕೆ, ಮಾವನ ಮನೆಯಲ್ಲಿ ದಕ್ಷಿಣಕ್ಕೆ, ಪ್ರವಾಸದಲ್ಲಿ ಪಶ್ಚಿಮಕ್ಕೆ ತಲೆ ಹಾಕಿ ಮಲಗಬೇಕು, ಉತ್ತರಕ್ಕೆ ಮಾತ್ರ ಎಂದೂ ಕೂಡದು. ಪೂರ್ವಕ್ಕೆ ತಲೆ ಹಾಕಿದರೆ ಬೀದಿಯ ದೀಪ ಕಣ್ಣಿಗೆ ಬೀಳುತ್ತದೆ. ಅಲ್ಲದೆ ಹತ್ತು ಅಡಿಯ ಅಗಲದಲ್ಲಿ ಆರೂವರೆ ಅಡಿಯ ಮಂಚವನ್ನು ಅಡ್ಡ ಹಾಕಿದರೆ ಕಾಲಿನ ಬಳಿ ಬಿಸಿ ಗೋಡೆಗೂ ಮಂಚಕ್ಕೂ ನಡುವೆ ಉಳಿಯುವ ಜಾಗ ಬರೀ ಓಡಾಟಕ್ಕೆ ಸರಿಹೋಗುತ್ತದೆ, ಬೀರುವಿಗೆ ಸ್ಥಳವೇ ಇರುವುದಿಲ್ಲ. ದಕ್ಷಿಣಕ್ಕೆ ತಲೆ ಹಾಕಿದರೆ ಎಲ್ಲವೂ ಹೊಂದುತ್ತದೆ. ಇನ್ನೊಂದು ಕಾರಣ ಸೂರಿನಲ್ಲೇ ಇತ್ತು. 1986ರಲ್ಲಿ ತಾರಸಿಯ ಕಾಂಕ್ರೀಟು ಹಾಕುವಾಗ ಮೇಸ್ತ್ರಿ ಫ್ಯಾನಿನ ಕೊಕ್ಕೆಯನ್ನು ಕೋಣೆಯ ನಟ್ಟನಡುವೆ ಹೂತಿದ್ದಾನೆ; ಅದನ್ನು ಸರಿಸುವುದು ಸುಲಭವಲ್ಲ. ದಕ್ಷಿಣದ ಗೋಡೆಯಿಂದ ಶುರುವಾದ ಮಂಚದ ಮೇಲೆ ಮಲಗಿದಾಗ ಆ ಫ್ಯಾನು ಸರಿಯಾಗಿ ಮೊಣಕಾಲಿನ ಮೇಲೆ ಬರುತ್ತದೆ. ಗಾಳಿ ಮೈಗೆಲ್ಲ ತಾಗುತ್ತದೆ, ಮೂಗಿನ ಮೇಲೆ ಸುರಿಯುವುದಿಲ್ಲ. ಹೀಗೆ ಮೇಸ್ತ್ರಿಯ ಕೊಕ್ಕೆ ಮತ್ತು ನಗರಪಾಲಿಕೆಯ ದೀಪ ಸೇರಿ ದಿಕ್ಕನ್ನು ನಿರ್ಧರಿಸಿದವು. ಶ್ಲೋಕದ ಲೆಕ್ಕದಲ್ಲಿ ನಾನೀಗ ದಿನವೂ ಮಾವನ ಮನೆಯಲ್ಲಿ ಮಲಗುತ್ತಿದ್ದೇನೆ ಎಂದು ನನ್ನ ಹೆಂಡತಿ ನಗುತ್ತಾಳೆ.

ಮಂಚ ಬಚ್ಚಲಿನ ಗೋಡೆಗೆ ಬರುವುದೆಂದಾದ ಮೇಲೆ ಮೊದಲು ಆ ಗೋಡೆಯ ರೋಗ ವಾಸಿಯಾಗಬೇಕಿತ್ತು. ಒಂದು ಚದರಡಿಯ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಬದಿ ಬಿಗಿಯಾಗಿ ಟೇಪು ಹಚ್ಚಿ ಗೋಡೆಗೆ ಅಂಟಿಸಿ ಎರಡು ದಿನ ಬಿಟ್ಟೆವು. ಹಾಳೆಯ ಒಳಮೈಯಲ್ಲಿ, ಅಂದರೆ ಗೋಡೆಯ ಕಡೆಗೆ, ಬೆವರಿನಂತೆ ಹನಿಗಳು ನಿಂತಿದ್ದವು. ಹಾಗಾಗಿ ತೇವ ಬರುತ್ತಿದ್ದುದು ಗೋಡೆಯೊಳಗಿನಿಂದಲೇ ಹೊರತು ಕೋಣೆಯ ಗಾಳಿಯಿಂದಲ್ಲ ಎಂಬುದು ಖಚಿತವಾಯಿತು. ಬಚ್ಚಲಿನ ಕಡೆಯ ಟೈಲುಗಳ ಸಂದುಗಳನ್ನೆಲ್ಲ ಕೆರೆದು ಮತ್ತೆ ತುಂಬಿಸಿ, ಸೋರುತ್ತಿದ್ದ ನಲ್ಲಿಯ ಕೊಳವೆ ಬದಲಿಸಿ, ಕೋಣೆಯ ಕಡೆ ಉಪ್ಪು ಬಿಟ್ಟ ಗಾರೆಯನ್ನು ಇಟ್ಟಿಗೆಯವರೆಗೂ ಕೆತ್ತಿ ಹಾಕಿದೆವು. ಹಸಿ ಗೋಡೆಯ ಮೇಲೆ ತೇವನಿರೋಧಕ ಬಣ್ಣ ಬಳಿದು ಒಂದೇ ದಿನದಲ್ಲಿ ಮುಗಿಸಿಕೊಡುತ್ತೇವೆ ಎಂದವರು ಇಬ್ಬರಿದ್ದರು. ನಾವು ಗೋಡೆಯನ್ನು ಹಾಗೆಯೇ ಒಣಗಲು ಬಿಟ್ಟು ಆರು ವಾರ ಕಾದೆವು. ಎರಡನೆಯ ಸಲ ಅಂಟಿಸಿದ ಹಾಳೆ ಒಣಗಿ ಬಂದ ಮೇಲೆಯೇ ಹೊಸ ಗಾರೆ ಹಾಕಿಸಿದೆವು. ಅಷ್ಟಾದರೂ ಮಂಚದ ತಲೆಹಲಗೆಯನ್ನು ಗೋಡೆಯಿಂದ ಮೂರು ಅಂಗುಲ ಈಚೆಗೇ ಇಟ್ಟಿದ್ದೇವೆ.

ಮಂಚದ ಅಗಲದ ಬಗ್ಗೆ ನಮ್ಮಿಬ್ಬರಲ್ಲಿ ಸ್ವಲ್ಪ ಜಗಳವೇ ಆಯಿತು. ಅಂಗಡಿಗಳಲ್ಲಿ ಎಲ್ಲರೂ ಕಿಂಗ್ ಸೈಜ್ ಎನ್ನುವ 72 ಅಂಗುಲದ ಅಗಲವನ್ನೇ ಮುಂದಿಡುತ್ತಾರೆ. ನನಗೂ ಅದೇ ಬೇಕಿತ್ತು. ಹೆಂಡತಿ ಮಾತಾಡದೆ ಸೀಮೆಸುಣ್ಣ ತಂದು ಕೆಂಪು ನೆಲದ ಮೇಲೆ ಎರಡು ಮಂಚಗಳನ್ನು ಬರೆದಳು. 72 ಅಂಗುಲದ ಹಾಸಿಗೆಗೆ ಚೌಕಟ್ಟು ಸೇರಿ 75 ಅಂಗುಲವಾದರೆ 120 ಅಂಗುಲದ ಕೋಣೆಯಲ್ಲಿ ಎರಡೂ ಪಕ್ಕ ಉಳಿಯುವುದು ಇಪ್ಪತ್ತೆರಡೂವರೆ ಅಂಗುಲ. 60 ಅಂಗುಲದ ಹಾಸಿಗೆಗೆ ಚೌಕಟ್ಟು 63 ಅಂಗುಲವಾದರೆ ಪಕ್ಕಕ್ಕೆ ಇಪ್ಪತ್ತೆಂಟೂವರೆ. ಕಾಗದದ ಮೇಲೆ ಆರು ಅಂಗುಲ ಏನೂ ಅಲ್ಲ. ಆಮೇಲೆ ಅವಳು ನನ್ನ ಕೈಗೆ ನೀರಿನ ಬಕೆಟ್ಟು ಮತ್ತು ನೆಲ ಒರೆಸುವ ಬಟ್ಟೆ ಕೊಟ್ಟು, ಗೆರೆ ತುಳಿಯದೆ ಎರಡೂ ಮಂಚಗಳ ಸುತ್ತ ಒಂದೊಂದು ಸಲ ಒರೆಸಿಕೊಂಡು ಬರಲು ಹೇಳಿದಳು. 60 ಅಂಗುಲವೇ ಇತ್ಯರ್ಥವಾಯಿತು.

ಹೊಸ ಮಂಚ ಕೊಳ್ಳಲಿಲ್ಲ. ಅಟ್ಟದ ಕೆಳಗೆ ಬಿಚ್ಚಿ ಒರಗಿಸಿಟ್ಟಿದ್ದ ಅಜ್ಜನ ತೇಗದ ಮಂಚವಿತ್ತು. ಅಗಲ 48 ಅಂಗುಲ, ನಾಲ್ಕು ಮೂಲೆಗೂ ಸೊಳ್ಳೆಪರದೆಯ ಕಂಬ ನಿಲ್ಲಿಸುವ ತೂತುಗಳು. ಅದನ್ನು ಹನ್ನೆರಡು ಅಂಗುಲ ಅಗಲಿಸಬಹುದೇ ಎಂದು ಕೇಳಿದಾಗ ನಮ್ಮ ಬಡಾವಣೆಯ ಆಚಾರಿಯೊಬ್ಬರು ಕಾಲುಗಳನ್ನು ಉಗುರಿನಿಂದ ಕೆರೆದು, ಮೂಸಿ ನೋಡಿ, ಒಪ್ಪಿಕೊಂಡರು. ಉದ್ದದ ಪಟ್ಟಿಗಳನ್ನು ಹಾಗೆಯೇ ಉಳಿಸಿಕೊಂಡು, ತಲೆಯ ಮತ್ತು ಕಾಲಿನ ಅಡ್ಡಪಟ್ಟಿಗಳನ್ನು ಮಾತ್ರ ಹೊಸ ತೇಗದಲ್ಲಿ ಮಾಡಿ ಹಳೆಯ ಕಾಲುಗಳಿಗೆ ಕಚ್ಚು ಕೂಡಿಸಿ ಮರದ ಮೊಳೆಯನ್ನೇ ಹೊಡೆದರು. ತಲೆಹಲಗೆಯ ಹಳೆಯ ಕೆತ್ತನೆಯ ಎರಡೂ ಕಡೆ ಆರಾರು ಅಂಗುಲದ ಹೊಸ ತುಂಡುಗಳು ಬಂದಿವೆ. ಹಳೆಯ ಮರದ ಬಣ್ಣ ಬೆಲ್ಲದಂತಿದೆ, ಹೊಸದು ಇನ್ನೂ ಹುಲ್ಲಿನ ಬಣ್ಣದಲ್ಲಿದೆ. ಬಣ್ಣ ಹಚ್ಚಿ ಎರಡನ್ನೂ ಒಂದು ಮಾಡಿಕೊಡಲೇ ಎಂದು ಅವರು ಕೇಳಿದಾಗ ಬೇಡವೆಂದೆವು. ಅಜ್ಜನ ಅಗಲ ಎಷ್ಟಿತ್ತು ಎಂಬುದು ಹಾಗೆಯೇ ಕಾಣುತ್ತಿರಲಿ. ಮಂಚದ ಕೆಳಗೆ ಪೆಟ್ಟಿಗೆ ಮಾಡಿಸಿ ಸಾಮಾನು ತುಂಬುವ ಪದ್ಧತಿ ಈಗ ಎಲ್ಲೆಡೆ ಇದೆ. ಜಾಗ ಉಳಿಯುತ್ತದೆ, ನಿಜ. ಆದರೆ ತೇವದಿಂದ ಒಮ್ಮೆ ಪೆಟ್ಟು ತಿಂದ ನಮಗೆ ಗಾಳಿಯಾಡದ ಪೆಟ್ಟಿಗೆಯ ಮೇಲೆ ಮಲಗುವ ಮನಸ್ಸಾಗಲಿಲ್ಲ. ಪೊರಕೆ ಸಲೀಸಾಗಿ ಒಳಹೋಗಿ ಬರುವಷ್ಟು ಎತ್ತರದಲ್ಲಿ ಮಂಚ ನಿಂತಿದೆ. ಅದರ ಮೇಲೆ ಗಟ್ಟಿಯಾದ ತೆಂಗಿನ ನಾರಿನ ಹಾಸಿಗೆ, ಅದರ ಮೇಲೆ ತಿಂಗಳಿಗೊಮ್ಮೆ ತಾರಸಿಯ ಬಿಸಿಲಿಗೆ ಹೊತ್ತುಕೊಂಡು ಹೋಗಲು ಸಾಧ್ಯವಾಗುವಷ್ಟು ತೆಳುವಾದ ಹತ್ತಿಯ ಹಾಸಿಗೆ. ದಿಂಬುಗಳಿಗೆ ಮಾತ್ರ ಬೂರುಗದ ಅರಳೆ.

ಒಟ್ಟು ಖರ್ಚಿನಲ್ಲಿ ಅರ್ಧಕ್ಕಿಂತ ಹೆಚ್ಚು ನುಂಗಿದ್ದು ಬೀರು. ಅದಕ್ಕೆ ಒಣ ಗೋಡೆಯಾದ ಉತ್ತರದ ಗೋಡೆಯನ್ನು ಕೊಟ್ಟೆವು; ಬಾಗಿಲು ಬಿಟ್ಟು ಅಲ್ಲಿ ಉಳಿಯುವುದು ಆರೂವರೆ ಅಡಿ. ಆಳ 24 ಅಂಗುಲ ಬೇಕೇ ಬೇಕು, ಇಲ್ಲದಿದ್ದರೆ ಹ್ಯಾಂಗರಿನಲ್ಲಿ ತೂಗಿದ ಅಂಗಿಯ ತೋಳು ಬಾಗಿಲಿಗೆ ಸಿಕ್ಕಿಕೊಳ್ಳುತ್ತದೆ. ಮಂಚದ ಕಾಲಿನಿಂದ ಬೀರುವಿಗೆ ಮೂರಡಿ ಉಳಿದದ್ದರಿಂದ ಜಾರುಬಾಗಿಲಿನ ಗೊಡವೆಗೆ ಹೋಗಲಿಲ್ಲ. ಜಾರುಬಾಗಿಲಿನಲ್ಲಿ ಯಾವಾಗ ನೋಡಿದರೂ ಅರ್ಧ ಬೀರು ಮುಚ್ಚಿಯೇ ಇರುತ್ತದೆ, ಮತ್ತು ಬೇಕಾದ ಬಟ್ಟೆ ಯಾವಾಗಲೂ ಆ ಅರ್ಧದಲ್ಲೇ ಇರುತ್ತದೆ. ಹಲಗೆಗೆ 18 ಮಿಲಿಮೀಟರಿನ ಪ್ಲೈವುಡ್. ತೇವದ ಭಯದಿಂದ ಐಎಸ್ 710 ಎಂಬ ಭಾರತೀಯ ಮಾನಕದ ಮುದ್ರೆ ಇರುವ ಮರೀನ್ ಪ್ಲೈ ಕೊಂಡೆವು. ಒಣ ಗೋಡೆಗೆ ಐಎಸ್ 303ರ ಬಿಡಬ್ಲ್ಯುಆರ್, ಅಂದರೆ ಕುದಿಯುವ ನೀರನ್ನು ತಡೆದುಕೊಳ್ಳುವ ದರ್ಜೆಯೇ ಸಾಕಿತ್ತು ಎಂದು ಆಚಾರಿ ಹೇಳಿದ್ದರು. ಈಗ ಯೋಚಿಸಿದರೆ ಅವರ ಮಾತೇ ಸರಿ, ನಾವು ಕೊಟ್ಟ ಹೆಚ್ಚಿನ ಹಣ ಆ ಸೀರೆಯ ಬೂಷ್ಟಿಗೆ ಕೊಟ್ಟ ಕಪ್ಪ.

ಒಳಗಿನ ಅಂಕಣಗಳನ್ನು ಗೆರೆ ಎಳೆಯುವ ಮುಂಚೆ ಇಬ್ಬರೂ ಬಟ್ಟೆಗಳನ್ನೆಲ್ಲ ನೆಲದ ಮೇಲೆ ಹರಡಿ ಎಣಿಸಿದೆವು. ಇದು ಸ್ವಲ್ಪ ಮರ್ಯಾದೆ ಹೋಗುವ ಕೆಲಸ. ತೂಗಿಸುವ ಬಟ್ಟೆ ನಾವು ಅಂದುಕೊಂಡದ್ದಕ್ಕಿಂತ ಬಹಳ ಕಡಿಮೆ ಇತ್ತು, ಮಡಚುವುದೇ ಹೆಚ್ಚು. ಅಂಗಿಗಳಿಗೆ 40 ಅಂಗುಲದ ಎತ್ತರ ಸಾಕು, ಒಂದರ ಕೆಳಗೊಂದು ಎರಡು ಸಾಲು ಕಂಬಿ ಹಾಕಬಹುದು. ಸೀರೆಗಳನ್ನು ಹತ್ತಕ್ಕಿಂತ ಹೆಚ್ಚು ಒಂದರ ಮೇಲೊಂದು ಪೇರಿಸಿದರೆ ಕೆಳಗಿನದನ್ನು ಎಳೆಯುವಾಗ ಮೇಲಿನದೆಲ್ಲ ಕುಸಿಯುತ್ತದೆ. ಆದ್ದರಿಂದ ದೊಡ್ಡ ಅಂಕಣಗಳ ಬದಲು ಒಂಬತ್ತು ಅಂಗುಲ ಎತ್ತರದ ಸಣ್ಣ ಅಂಕಣಗಳನ್ನು ಹೆಚ್ಚು ಮಾಡಿಸಿದೆವು. ರೇಷ್ಮೆ ಸೀರೆಗಳು ಹಳೆಯ ಪಂಚೆಯ ತುಂಡಿನಲ್ಲಿ ಸುತ್ತಿಕೊಂಡು, ಲಾವಂಚದ ಬೇರಿನ ಸಣ್ಣ ಕಟ್ಟುಗಳ ಜೊತೆ ಮಲಗಿವೆ. ಬೀರುವಿನ ಬೆನ್ನಿಗೂ ಗೋಡೆಗೂ ನಡುವೆ ಒಂದೂವರೆ ಅಂಗುಲ ಸಂದು ಬಿಟ್ಟು ಮೇಲೆ ಕೆಳಗೆ ಗಾಳಿಗೆ ತೂತು ಕೊರೆಸಿದ್ದೇವೆ.

ವಿದ್ಯುತ್ತಿನ ಕೆಲಸವನ್ನು ಗಾರೆಗಿಂತ ಮೊದಲೇ ಮುಗಿಸಿದ್ದು ಒಳ್ಳೆಯದಾಯಿತು. ಚಾಪೆಯ ಮೇಲೆ ಮಲಗಿದ್ದ ದಿನಗಳಲ್ಲಿ ದೀಪ ಆರಿಸಲು ದಿನವೂ ಎದ್ದು ಬಾಗಿಲಿನವರೆಗೆ ಹೋಗಬೇಕಿತ್ತು. ಆರಿಸಿ ಬರುವಾಗ ಕತ್ತಲಲ್ಲಿ ಹೆಂಡತಿಯ ಕಾಲು ತುಳಿದದ್ದೂ ಉಂಟು. ಈಗ ಬಾಗಿಲಿನಲ್ಲೊಂದು, ಮಂಚದ ಪಕ್ಕದಲ್ಲೊಂದು ಟೂ ವೇ ಸ್ವಿಚ್ಚಿದೆ. ಪಕ್ಕದ್ದನ್ನು ನೆಲದಿಂದ 27 ಅಂಗುಲದಲ್ಲಿ, ಮಲಗಿದಲ್ಲಿಂದಲೇ ಕೈ ಚಾಚಿ ಕಣ್ಣು ಮುಚ್ಚಿಕೊಂಡು ಗೋಡೆ ಮುಟ್ಟಿದ ಕಡೆಗೇ ಪೆನ್ಸಿಲಿನ ಗುರುತು ಮಾಡಿ ಹಾಕಿಸಿದ್ದು. ಸೂರಿಗೆ ದೀಪವೇ ಇಲ್ಲ. ಗೋಡೆಯ ದೀಪಗಳು 2700 ಕೆಲ್ವಿನ್ನಿನ ಹಳದಿ ಬೆಳಕಿನವು. ಅಂಗಡಿಯಲ್ಲಿ ಕೇಳದೆ ಕೊಟ್ಟಿದ್ದ 6500ರ ಬಿಳಿ ಬಲ್ಬುಗಳು ಅಡುಗೆಮನೆಗೆ ಹೋದವು. ಹೆಂಡತಿಯ ಕಡೆಗೆ ಚನ್ನಪಟ್ಟಣದ ಅರಗಿನ ಕೆಲಸದ ದೀಪದ ಕಂಬವೊಂದಿದೆ. ಹಾಲೆ ಮರವನ್ನು ಚರಕಿಯಲ್ಲಿ ತಿರುಗಿಸುತ್ತಿರುವಾಗಲೇ ಅರಗಿನ ಕಡ್ಡಿ ಒತ್ತಿ, ಆ ಬಿಸಿಗೆ ಕರಗಿ ಹತ್ತಿದ ಬಣ್ಣವನ್ನು ತಾಳೆಗರಿಯಿಂದ ಉಜ್ಜಿ ಹೊಳಪು ಬರಿಸುವ ಕೆಲಸ ಅದು. ದೀಪ ಹಚ್ಚಿದಾಗ ಆ ಹೊಳಪಿನ ಮೇಲೆ ಬೆಳಕು ಒಂದು ಉಂಗುರವಾಗಿ ನಿಲ್ಲುತ್ತದೆ.

ಬಣ್ಣದ ವಿಷಯದಲ್ಲಿ ನಮಗೆ ಹಳೆಯ ಪಾಠವಿತ್ತು: ಅಂಗುಲದಷ್ಟು ಕಾಗದ ನೋಡಿ ಆರಿಸಿದ ತಿಳಿನೇರಳೆ, ನಡುಮನೆಯ ಗೋಡೆಗೆ ಬಂದಾಗ ಮಕ್ಕಳ ಆಸ್ಪತ್ರೆಯಂತೆ ಕಂಡಿತ್ತು. ಈ ಬಾರಿ ಮೂರಡಿ ಚೌಕದಲ್ಲಿ ನಾಲ್ಕು ಬಣ್ಣಗಳನ್ನು ಎರಡು ಗೋಡೆಗೆ ಬಳಿದು ವಾರ ಪೂರ್ತಿ ನೋಡಿದೆವು. ಸಂಜೆ ನಾಲ್ಕರ ಬಿಸಿಲು ಕೆಂಪು ನೆಲಕ್ಕೆ ಬಿದ್ದು ಗೋಡೆಗೆ ಮರಳುವಾಗ ಶುದ್ಧ ಬಿಳಿಯೂ ಗುಲಾಬಿಯಾಗುತ್ತಿತ್ತು, ಹಸಿರಂತೂ ಕೊಳೆಯಾಗಿ ಕಾಣುತ್ತಿತ್ತು. ನೆಲದ ಕೆಂಪನ್ನು ತಡೆದುಕೊಳ್ಳಬಲ್ಲದ್ದು ಸುಣ್ಣಕ್ಕೆ ಹತ್ತಿರವಾದ, ತುಸು ಕೆನೆಯಂಥ ಬಿಳಿಯೊಂದೇ. ನೆಲದ ಮೇಲೆ ಟೈಲು ಹಾಕಿಸುವ ಮಾತು ಬಂದಿತ್ತು. ಮೂವತ್ತೆಂಟು ವರ್ಷ ಒರೆಸಿ, ಹಬ್ಬಕ್ಕೊಮ್ಮೆ ತೆಂಗಿನೆಣ್ಣೆಯ ಬಟ್ಟೆಯಲ್ಲಿ ಉಜ್ಜಿ ಬಂದ ಹೊಳಪನ್ನು ಮುಚ್ಚಲು ಅಮ್ಮ ಬಿಡಲಿಲ್ಲ. ಕಾಲಿಡುವ ಕಡೆ ನವಲಗುಂದದ ಜಮಖಾನವೊಂದು ಬಿದ್ದಿದೆ, ಪಗಡೆ ಹಾಸಿನ ನಮೂನೆಯದು.

ಈ ಕೋಣೆಯ ಅಲಂಕಾರ ಎಂದು ಕರೆಯಬಹುದಾದದ್ದು ನಿಜಕ್ಕೂ ಒಂದೇ, ಅದು ಕೌದಿ. ನನ್ನ ಹೆಂಡತಿಯ ತವರು ಗದಗಿನ ಕಡೆ. ಅವಳ ತಾಯಿ ಅದನ್ನು ಹೊಲಿದು ಕೊಟ್ಟು ಹನ್ನೆರಡು ವರ್ಷವಾಗಿದೆ, ನಾವು ಅದನ್ನು ಅಟ್ಟದ ಮೇಲಿನ ಪೆಟ್ಟಿಗೆಯಲ್ಲಿಟ್ಟು ಅಂಗಡಿಯ ಹೊದಿಕೆ ಹೊದೆಯುತ್ತಿದ್ದೆವು. ಒಳಗೆ ನಾಲ್ಕೈದು ಪದರ ಹಳೆಯ ಸೀರೆ ಧೋತರಗಳು, ಮೇಲೆ ಇಳಕಲ್ ಸೀರೆಯ ಅಂಚುಗಳು, ಗುಳೇದಗುಡ್ಡದ ಖಣದ ಕುಪ್ಪಸದ ಚೂರುಗಳು. ಹೊಲಿಗೆ ಒಂದು ಮೂಲೆಯಿಂದ ಆರಂಭವಾಗಿ ಅಂಚಿನಗುಂಟ ಸುತ್ತುತ್ತ ಸುತ್ತುತ್ತ ನಡುವಿಗೆ ಬಂದು ಮುಗಿಯುತ್ತದೆ. ಎರಡು ಹೊಲಿಗೆಗಳ ಸಾಲಿನ ನಡುವಿನ ಅಂತರ ಅರ್ಧ ಅಂಗುಲ. ಅಲ್ಲಲ್ಲಿ ಅದು ಅಗಲವಾಗಿ ಮತ್ತೆ ಬಿಗಿಯಾಗುವುದನ್ನು ನೋಡಿ, ಎಲ್ಲಿ ದೀಪ ಹೋಯಿತು, ಎಲ್ಲಿ ಯಾರೋ ಮಾತಿಗೆ ಕುಳಿತರು ಎಂದು ಹೆಂಡತಿ ಊಹಿಸುತ್ತಾಳೆ. ಮಧ್ಯದಲ್ಲಿ ಒಂದು ತಿಳಿನೀಲಿ ಚೌಕವಿದೆ; ಅದು ಅವಳ ಶಾಲೆಯ ಲಂಗದ್ದು. ಯಲ್ಲಾಪುರ, ಹಳಿಯಾಳದ ಕಡೆಯ ಸಿದ್ದಿ ಹೆಂಗಸರು ಹೊಲಿಯುವ ಕೌದಿಗಳಲ್ಲಿ ಮೂಲೆಗಳಿಗೆ ಬಟ್ಟೆಯನ್ನು ಮಡಿಸಿ ಮಾಡಿದ ಹೂಗಳಿರುತ್ತವೆ. ನಮ್ಮ ಅತ್ತೆಯ ಕೌದಿಗೆ ಹೂವಿಲ್ಲ, ಮೂಲೆಯಲ್ಲಿ ಕೆಂಪು ದಾರದ ಗಂಟು ಮಾತ್ರ ಇದೆ. ಅದನ್ನು ಗೋಡೆಗೆ ತೂಗು ಹಾಕಿದರೆ ಚೆನ್ನ ಎಂದು ಬಂದವರೆಲ್ಲ ಹೇಳಿದರು. ಅತ್ತೆ ಬಂದಾಗ ಇದನ್ನು ಕೇಳಿ, "ಗ್ವಾಡಿಗೇನ್ ಚಳಿ ಆಕೈತೇನು?" ಎಂದರು. ಕೌದಿ ಮಂಚದ ಮೇಲೆಯೇ ಉಳಿಯಿತು. ಡಿಸೆಂಬರಿನಲ್ಲಿ ಅದು ಎರಡು ಕಂಬಳಿಗಳ ಕೆಲಸ ಮಾಡಿತು. ಅದರ ಭಾರಕ್ಕೆ ಒಗ್ಗಿಹೋದ ಮೇಲೆ ಹಗುರ ಹೊದಿಕೆಗಳಲ್ಲಿ ನಿದ್ದೆ ಬರುತ್ತಿಲ್ಲ ಎಂಬುದಷ್ಟೇ ದೂರು.

ಗೋಡೆಗಳ ಮೇಲೆ ಚಿತ್ರಗಳಿಲ್ಲ. ಎದುರಿನ ಬೀರುವಿನ ಬಾಗಿಲಿಗೆ ಕನ್ನಡಿ ಹಾಕಿಸೋಣವೆಂದಿದ್ದೆವು. ರಾತ್ರಿ ಎದ್ದಾಗ ಎದುರಿಗೆ ಯಾರೋ ಎದ್ದಂತಾಗುತ್ತದೆಂದು ಅದನ್ನು ಬಾಗಿಲಿನ ಒಳಮೈಗೆ ಹಾಕಿಸಿದೆವು. ಸೊಳ್ಳೆಪರದೆಗೆ ಅಜ್ಜನ ಮಂಚದ ತೂತುಗಳು ಮತ್ತೆ ಉಪಯೋಗಕ್ಕೆ ಬಂದವು. ಪರದೆಯ ಮಾಡು ಫ್ಯಾನಿನ ರೆಕ್ಕೆಗಿಂತ ಒಂದೂವರೆ ಅಡಿ ಕೆಳಗಿರುವಂತೆ ಕಂಬಗಳನ್ನು ಕತ್ತರಿಸಬೇಕಾಯಿತು.

ಮುಗಿಯದೇ ಉಳಿದಿರುವುದು ಪಶ್ಚಿಮದ ಗೋಡೆ. ಕಿಟಕಿಗೆ ಒಳಗಿನಿಂದ ದಪ್ಪ ಪರದೆ ಹಾಕಿದರೆ ಬೀದಿಯ ದೀಪ ನಿಲ್ಲುತ್ತದೆ, ಬಿಸಿಲಿನ ಕಾವು ನಿಲ್ಲುವುದಿಲ್ಲ. ಗಾಜು ದಾಟಿ ಒಳಗೆ ಬಂದ ಕಾವು ಪರದೆಗೆ ತಾಗಿ ಕೋಣೆಯಲ್ಲೇ ಉಳಿದುಬಿಡುತ್ತದೆ. ಅದಕ್ಕಾಗಿ ಹೊರಗಡೆ, ಸಜ್ಜೆಯಿಂದ ಇಳಿಬಿಡುವ ಬಿದಿರಿನ ತಟ್ಟಿ ಕಟ್ಟಿಸಿದ್ದೇವೆ. ಮಧ್ಯಾಹ್ನ ಮೂರಕ್ಕೆ ಇಳಿಸುವುದು, ಆರೂವರೆಗೆ ಸುತ್ತಿ ಕಟ್ಟುವುದು ನನ್ನ ತಂದೆಯ ಪಾಲಿನ ಕೆಲಸವಾಗಿದೆ. ಕಿಟಕಿಯ ಆಚೀಚಿನ ಗೋಡೆಗೆ ನೆರಳಾಗಲಿ ಎಂದು ಕಳೆದ ಜೂನ್‌ನಲ್ಲಿ ಮಧುಮಾಲತಿ ಬಳ್ಳಿ ನೆಟ್ಟೆವು. ಅದೀಗ ಕಿಟಕಿಯ ಕೆಳಗಿನ ಅಂಚಿಗೆ ಬಂದು ಮುಟ್ಟಿದೆ. ಈ ಏಪ್ರಿಲ್‌ಗಂತೂ ತಟ್ಟಿಯೇ ಗತಿ.